ದುರಗವ್ವನ ಜಾಗ ಮತ್ತು ಎಂಜಿನ್ನಿನ ಗುಂಡುಗಳು

ಮನುಷ್ಯನ ಕೈಯ ಹಂಗಿಲ್ಲದೆ ತನ್ನ ಓಟವನ್ನು ತಾನೇ ಅಂಕೆಯಲ್ಲಿಟ್ಟುಕೊಳ್ಳುವ ಶಕ್ತಿಯನ್ನು ನಾನು ಒಂದು ಎಂಜಿನ್ನಿಗೆ ಮರಳಿ ಕೊಟ್ಟೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಾವಿರದ ಒಂಬೈನೂರ ಐವತ್ತೆರಡನೆಯ ಇಸವಿಯ ಮಾರ್ಚ್ ತಿಂಗಳ ಮಾತು. ಹಿರೇಕೆರೂರು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಎಂಜಿನ್ನಿನ ಒಂದು ಕೀಲು ಮುರಿದರೂ ಮುಂಬಯಿಗೆ ಕಾಗದ ಬರೆದು ಮಳೆಯ ದಾರಿ ಕಾಯುವಂತೆ ಕಾಯಬೇಕಾಗಿತ್ತು. ನಾನು ಕಾಯಲಿಲ್ಲ. ಮುಂಬಯಿಯ ಭಾಗ ಬರುವ ಮೊದಲೇ ನಮ್ಮ ಸೀಮೆಯ ಕಬ್ಬಿಣದಿಂದ, ನಮ್ಮ ಸೀಮೆಯ ಎಣ್ಣೆಯಿಂದ ಆ ಕೆಲಸ ಮುಗಿಯಿತು. ಮುಗಿದದ್ದು ಮುಂದೆ ಹದಿನೈದು ಹಂಗಾಮು ಒಂದು ದಿನವೂ ತಪ್ಪದೆ ದುಡಿಯಿತು.

ಈಗ ನಮ್ಮ ಹತ್ತಿ ಫ್ಯಾಕ್ಟರಿಗೆ ವಿದ್ಯುತ್ತು ಬಂದಿದೆ. ಹೋದ ವರ್ಷ ಎಂಜಿನ್ನನ್ನು ಬಿಚ್ಚಿ ಮೂಲೆಗೆ ಸರಿಸಿ ಅದರ ಜಾಗದಲ್ಲಿ ಮೋಟರು ಕೂರಿಸಿದರು. ನನ್ನನ್ನು ಮಾತ್ರ ಬಿಚ್ಚಿಹಾಕಲಿಲ್ಲ. ಗಾಲಿಗಳಿಗೆ ಎಣ್ಣೆ ಬಿಡಲು, ಅವನ್ನು ತಿರುಗಿಸುವ ಚರ್ಮದ ಪಟ್ಟಾಗಳನ್ನು ಬಿಗಿ ಮಾಡಲು ಒಬ್ಬ ಹಳಬ ಬೇಕಲ್ಲವೆ? ಕರೆಂಟು ದಿನಕ್ಕೆ ಒಂದೆರಡು ಬಾರಿಯಾದರೂ ಹೋಗುತ್ತದೆ. ಹೋದಾಗ ಹತ್ತಿ ಹಿಂಜುವ ಹೆಣ್ಣುಮಕ್ಕಳು ಹೊರಗೆ ಬಂದು ಬೇವಿನ ನೆರಳಿನಲ್ಲಿ ಕುಳಿತುಕೊಳ್ಳುತ್ತಾರೆ. ಮೊನ್ನೆಯೂ ಹಾಗೆಯೇ ಕುಳಿತಿದ್ದರು. ಅವರ ನಡುವೆ ಈ ಹಂಗಾಮಿಗೆ ಹೊಸದಾಗಿ ಸೇರಿದ ಶಂಕ್ರವ್ವನೂ ಇದ್ದಳು. ಅವಳು ಹಿಂದೆ ಇಲ್ಲಿಯೇ ದುಡಿದ ದುರಗವ್ವನ ಮೊಮ್ಮಗಳು. ಅಜ್ಜಿಯನ್ನು ಕೇಳಿದರೆ ಆ ಎಂಜಿನ್ನಿನ ಕತೆಯನ್ನು ಆಕೆ ಹೇಳುವುದಿಲ್ಲವಂತೆ; ಗೋಣೆಪ್ಪನನ್ನು, ಅಂದರೆ ನನ್ನನ್ನು, ಕೇಳು ಎನ್ನುತ್ತಾಳಂತೆ. ಶಂಕ್ರವ್ವ ಕೇಳಿದಳು. ನಾನು ಹೇಳಿದೆ. ಅಂದು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಫ್ಯಾಕ್ಟರಿ ಪರಮೇಶಪ್ಪ ಸಾಹುಕಾರರದು. ಹತ್ತಿಯಿಂದ ಬೀಜ ಬಿಡಿಸುವ ಹನ್ನೆರಡು ಜಿನ್ನುಗಳು ಎರಡು ಸಾಲಾಗಿ ನಿಂತಿದ್ದವು. ಒಂದೊಂದರ ಮುಂದೆ ಒಬ್ಬೊಬ್ಬ ಹೆಣ್ಣುಮಗಳು ಕುಳಿತು ಬೀಜದ ಹತ್ತಿಯನ್ನು ಕೈಯಿಂದ ಉಣಿಸಬೇಕು. ಚರ್ಮದ ಉರುಳೆ ಅರಳೆಯನ್ನು ಎಳೆದುಕೊಳ್ಳುತ್ತದೆ, ಬೀಜ ಕೆಳಗೆ ಉದುರುತ್ತದೆ. ಹನ್ನೆರಡನ್ನೂ ತಿರುಗಿಸುವುದು ಪಕ್ಕದ ಕೋಣೆಯ ಒಂದೇ ಎಣ್ಣೆ ಎಂಜಿನ್ನು; ಅದನ್ನು ನಡೆಸುವವನು ನಾನು. ಅದರ ಎರಡು ಗಾಲಿಗಳು ಆಳೆತ್ತರ. ನಿಮಿಷಕ್ಕೆ ಇನ್ನೂರ ಐವತ್ತು ಸುತ್ತು ಅದರ ಹದ. ಸುತ್ತು ಕಡಿಮೆಯಾದರೆ ಬೀಜಕ್ಕೆ ಅರಳೆ ಅಂಟಿಕೊಂಡೇ ಉಳಿಯುತ್ತದೆ; ಹೆಚ್ಚಾದರೆ ಬೀಜ ಒಡೆದು ಅರಳೆ ಕಲೆಯಾಗುತ್ತದೆ; ಇನ್ನೂ ಹೆಚ್ಚಾದರೆ ಪಟ್ಟಾ ಹಾರುತ್ತದೆ, ಗಾಲಿಯೂ ಒಡೆಯಬಹುದು.

ಈ ಹದವನ್ನು ಕಾಯುತ್ತಿದ್ದುದು ಗವರ್ನರ್. ಒಂದು ನಿಂತ ಕಂಬಿ, ಅದರ ಎರಡು ಬದಿಗೆ ತೋಳುಗಳು, ತೋಳುಗಳ ತುದಿಗೆ ಎರಡು ಕಬ್ಬಿಣದ ಗುಂಡುಗಳು. ಎಂಜಿನ್ನು ತಿರುಗಿದಂತೆ ಕಂಬಿಯೂ ತಿರುಗುತ್ತದೆ. ಓಟ ಹೆಚ್ಚಾದರೆ ಗುಂಡುಗಳು ಹೊರಗೆ ಚಾಚಿ ಎಣ್ಣೆಯ ಹಿಡಿಕೆಯನ್ನು ಕೆಳಗೆಳೆದು ಎಣ್ಣೆಯನ್ನು ಕಡಿಮೆ ಮಾಡುತ್ತವೆ. ಓಟ ತಗ್ಗಿದರೆ ಒಳಗೆ ಬಾಗಿ ಎಣ್ಣೆಯನ್ನು ಹೆಚ್ಚಿಸುತ್ತವೆ. ಮನುಷ್ಯ ಅದಕ್ಕೆ ಏನನ್ನೂ ಹೇಳಬೇಕಾಗಿಲ್ಲ. ಎಂಜಿನ್ನು ಏನು ಮಾಡುತ್ತಿದೆಯೋ ಅದನ್ನೇ ನೋಡಿ ಅದು ಎಂಜಿನ್ನಿಗೆ ಬುದ್ಧಿ ಹೇಳುತ್ತದೆ.

ಆ ವರ್ಷ ಜಯಧರ ಹತ್ತಿ ಅಂಗಳದಲ್ಲಿ ಗುಡ್ಡವಾಗಿ ಬಿದ್ದಿದ್ದ ಹೊತ್ತಿಗೆ ಗವರ್ನರಿನ ಒಂದು ತೋಳು ಬಿರುಕು ಬಿಟ್ಟು ಮುರಿಯಿತು. ಗುಂಡು ಹಾರಿ ಗೋಡೆಗೆ ಬಡಿದು ಎರಡು ಹೋಳಾಯಿತು. ಎಂಜಿನ್ನನ್ನು ಕೂಡಲೇ ನಿಲ್ಲಿಸಿದೆ. ಮುಂಬಯಿಗೆ ತಂತಿ ಹೋಯಿತು. ಐದು ವಾರ ಬೇಕೆಂದು ಉತ್ತರ ಬಂದಿತು.

ಸಾಹುಕಾರರ ಸೋದರಳಿಯ ಉಳಿವೆಪ್ಪ ಆಗ ಪುಣೆಯಿಂದ ಎಂಜಿನಿಯರಿಂಗ್ ಡಿಪ್ಲೊಮಾ ಮುಗಿಸಿ ಬಂದಿದ್ದ. ಇಪ್ಪತ್ತನಾಲ್ಕರ ತರುಣ, ಕೈಗೆ ಎಣ್ಣೆ ಹತ್ತಿದರೆ ಹೇಸುವವನಲ್ಲ. ಗವರ್ನರ್ ಇಲ್ಲದೆಯೇ ಎಂಜಿನ್ನು ನಡೆಸಬಹುದೆಂದು ಅವನು ಹೇಳಿದ. ಹಿಡಿಕೆಯ ಹಿಂದೆ ಒಂದು ಹಿತ್ತಾಳೆಯ ತಗಡು ಬಡಿದು ಅದರ ಮೇಲೆ ಗೆರೆಗಳನ್ನು ಕೊರೆದ. ಎರಡು ದಿನ ನನ್ನ ಜೊತೆ ನಿಂತು ಒಂದು ಜಿನ್ನು ನಡೆದಾಗ, ನಾಲ್ಕು ನಡೆದಾಗ, ಹನ್ನೆರಡೂ ನಡೆದಾಗ ಹಿಡಿಕೆ ಯಾವ ಗೆರೆಯಲ್ಲಿದ್ದರೆ ಹದ ಬರುತ್ತದೆಂದು ಗಡಿಯಾರ ಹಿಡಿದು ಎಣಿಸಿದ. ಅದನ್ನೆಲ್ಲ ಒಂದು ಹಲಗೆಯ ಮೇಲೆ ಪಟ್ಟಿಯಾಗಿ ಬರೆದು ಗೋಡೆಗೆ ತೂಗುಹಾಕಿದ. ಜಿನ್ನಿನ ಅಂಗಣದಲ್ಲಿ ಆಳುಗಳ ಉಸ್ತುವಾರಿ ನೋಡುವ ಜಾಬರ್ ಫಕ್ಕೀರಪ್ಪ ನಿಂತು ಎಷ್ಟು ಜಿನ್ನು ನಡೆಯುತ್ತಿವೆಯೆಂದು ಕಿಟಕಿಯಿಂದ ಬೆರಳು ತೋರಿಸಬೇಕು. ನಾನು ಪಟ್ಟಿ ನೋಡಿ ಹಿಡಿಕೆಯನ್ನು ಆ ಗೆರೆಗೆ ಇಡಬೇಕು. ಇಷ್ಟೆ.

ನನಗೆ ನಂಬಿಕೆಯಿರಲಿಲ್ಲ. ಆದರೆ ಸತ್ಯವನ್ನು ಮುಚ್ಚಿಡಬಾರದು: ಒಂಬತ್ತು ದಿನ ಆ ಪಟ್ಟಿ ಚೆನ್ನಾಗಿ ನಡೆಯಿತು. ಹತ್ತಿ ಒಂದೇ ತರದ್ದು, ಬಿಸಿಲು ಒಂದೇ ತರದ್ದು, ಕುಳಿತ ಕೈಗಳೂ ಪಳಗಿದ ಕೈಗಳು. ಬದಲಾಗದ ಕೆಲಸಕ್ಕೆ ಪಟ್ಟಿ ಸಾಕು. ಹಾನಗಲ್ಲಿನ ಅಕ್ಕಿ ಗಿರಣಿಯಲ್ಲಿ ನಾನು ಎರಡು ವರ್ಷ ದುಡಿದವನು. ಅಲ್ಲಿ ಭತ್ತವನ್ನು ಇಷ್ಟು ಗಂಟೆ ನೆನೆಸಿ ಇಷ್ಟು ಗಂಟೆ ಬೇಯಿಸಬೇಕೆಂದು ಗಡಿಯಾರ ನೋಡಿ ಮಾಡುತ್ತಿದ್ದರು. ಯಾರೂ ಹಂಡೆಯೊಳಗೆ ಇಣುಕುತ್ತಿರಲಿಲ್ಲ, ಅಕ್ಕಿಯೂ ಕೆಡುತ್ತಿರಲಿಲ್ಲ. ಉಳಿವೆಪ್ಪನನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ಪಟ್ಟಿಯ ಕಣ್ಣು ತನ್ನೊಳಗೆ ಬರೆದ ಅಂಕಿಯ ಮೇಲಿರುತ್ತದೆಯೇ ಹೊರತು ಎಂಜಿನ್ನಿನ ಮೇಲಲ್ಲ ಎಂಬುದು ಮಾತ್ರ ನನ್ನನ್ನು ಕಾಡುತ್ತಿತ್ತು.

ಹತ್ತನೆಯ ದಿನ ಸಾವಂತ್ರವ್ವ ಗಂಡನ ಮನೆಗೆ ಹೊರಟಳು.

ಆ ಹುಡುಗಿ ಹಿಂದಿನ ಹಂಗಾಮಿನವರೆಗೆ ನಮ್ಮಲ್ಲೇ ಐದನೆಯ ಜಿನ್ನಿನ ಮುಂದೆ ಕುಳಿತವಳು. ರಟ್ಟೀಹಳ್ಳಿಗೆ ಕೊಟ್ಟಿದ್ದರು. ಮೊದಲ ಬಾರಿ ಗಂಡನ ಮನೆಗೆ ನಡೆಯಲು ಹೊರಟವಳ ಗಾಡಿ ಫ್ಯಾಕ್ಟರಿಯ ಗೇಟಿನ ಮುಂದೆ ನಿಂತೇ ಹೋಗಬೇಕು, ಜೊತೆಗೆ ದುಡಿದವರೆಲ್ಲ ಅವಳ ಉಡಿ ತುಂಬಿಯೇ ಕಳಿಸಬೇಕು. ಇದು ನಮ್ಮ ಜಿನ್ನಿನ ಹೆಣ್ಣುಮಕ್ಕಳು ತಾವಾಗಿ ನಡೆಸಿಕೊಂಡು ಬಂದ ಪದ್ಧತಿ. ಹನ್ನೆರಡು ಮಂದಿಯೂ ಅಂದು ಮನೆಯಿಂದಲೇ ಕುಪ್ಪಸದ ಕಣ, ಕೊಬ್ಬರಿ ಬಟ್ಟಲು, ಎಲೆಯಡಿಕೆ, ಹಿಡಿ ಅಕ್ಕಿ ಗಂಟು ಕಟ್ಟಿಕೊಂಡು ಬಂದಿದ್ದರು. ಹಿರಿಯಳಾದ ದುರಗವ್ವ ಮೊದಲು ಏಳಬೇಕು, ಅವಳ ಹಿಂದೆ ಉಳಿದವರು. ಎಂಜಿನ್ ಕೋಣೆಗೆ ಇದನ್ನು ಹೇಳಿ ಕಳಿಸಬೇಕೆಂದು ಅವರಲ್ಲಿ ಒಬ್ಬರಿಗೂ ತೋರಲಿಲ್ಲ. ಯಾಕೆ ತೋರಬೇಕು? ಹದಿನೆಂಟು ವರ್ಷ ಅವರು ಹಾಗೆಯೇ ಎದ್ದಿದ್ದರು, ಹಾಗೆಯೇ ಕುಳಿತಿದ್ದರು. ಜಿನ್ನನ್ನು ನಿಲ್ಲಿಸದೆ, ಪಟ್ಟಾ ಸರಿಸದೆ, ಹತ್ತಿ ಉಣಿಸುವುದನ್ನು ಬಿಟ್ಟು ಎದ್ದು ಹೋದರೆ, ಹೊರೆ ಇಳಿದು ಓಟ ಏರುತ್ತಲೇ ಗುಂಡುಗಳು ಸದ್ದಿಲ್ಲದೆ ಎಣ್ಣೆ ತಗ್ಗಿಸುತ್ತಿದ್ದವು. ಗವರ್ನರ್ ಎಂಬುದೊಂದು ಇದೆಯೆಂದು ಅವರಿಗೆ ಗೊತ್ತಿರಲಿಲ್ಲ. ಅದು ಈಗ ಇಲ್ಲವೆಂದು ನಾವೂ ಹೇಳಿರಲಿಲ್ಲ.

ಫಕ್ಕೀರಪ್ಪ ಆ ಹೊತ್ತಿಗೆ ಅರಳೆಯ ಕೋಣೆಯಲ್ಲಿದ್ದ. ನನ್ನ ಹಿಡಿಕೆ ಹನ್ನೆರಡರ ಗೆರೆಯಲ್ಲಿತ್ತು.

ಮೊದಲು ಸದ್ದು ಬದಲಾಯಿತು. ಏರು ಹತ್ತುವ ಎತ್ತು ಒಮ್ಮೆಲೆ ಇಳಿಜಾರಿಗೆ ಬಿದ್ದಂತೆ ಎಂಜಿನ್ನು ಮುನ್ನುಗ್ಗಿತು. ನಾನು ಕಿಟಕಿಯ ಕಡೆ ನೋಡಿದೆ, ಬೆರಳು ತೋರಿಸುವವರಿಲ್ಲ. ಅಷ್ಟು ಹೊತ್ತು ನೋಡಿದ್ದೇ ತಪ್ಪಾಯಿತು. ಹಿಡಿಕೆಗೆ ಕೈ ಹಾಕುವಷ್ಟರಲ್ಲಿ ದೊಡ್ಡ ಪಟ್ಟಾ ಗಾಲಿಯಿಂದ ಜಾರಿ, ಹಾವಿನಂತೆ ಹೊರಳಿ, ಜಿನ್ನಿನ ಅಂಗಣದ ತಗಡಿನ ಗೋಡೆಯನ್ನು ಸೀಳಿಕೊಂಡು ಒಂದನೆಯ ಜಿನ್ನಿನ ಮುಂದೆ ಬಿದ್ದಿತು. ಎಂಜಿನ್ನನ್ನು ನಿಲ್ಲಿಸಿ ಓಡಿದೆ. ಅಂಗಣದಲ್ಲಿ ಒಬ್ಬರೂ ಇರಲಿಲ್ಲ. ಗೇಟಿನ ಬಳಿ ದುರಗವ್ವ ಕೊಬ್ಬರಿ ಬಟ್ಟಲು ಹಿಡಿದು ನಿಂತಲ್ಲೇ ತಿರುಗಿ ನೋಡುತ್ತಿದ್ದಳು. ಪಟ್ಟಾ ಬಿದ್ದದ್ದು ಅವಳು ದಿನವೂ ಕೂರುವ ಮಣೆಯ ಮೇಲೆ.

ಯಾರಿಗೂ ಗಾಯವಾಗಲಿಲ್ಲ. ಆದರೂ ಸಾಹುಕಾರರು ಬಂದು ಹರಿದ ಗೋಡೆಯನ್ನು ನೋಡಿದ ಮೇಲೆ ತಪ್ಪು ಯಾರದೆಂಬ ಪ್ರಶ್ನೆ ಎದ್ದಿತು. ಅಪ್ಪಣೆಯಿಲ್ಲದೆ ಮೊದಲು ಎದ್ದವಳು ದುರಗವ್ವ. ಅವಳು ಏಳದಿದ್ದರೆ ಉಳಿದವರು ಏಳುತ್ತಿರಲಿಲ್ಲ. ಇನ್ನು ಮೇಲೆ ಗಂಟೆ ಬಾರಿಸದೆ ಯಾರೂ ಏಳಕೂಡದು, ದುರಗವ್ವ ನಾಳೆಯಿಂದ ಬರಬೇಕಾಗಿಲ್ಲ ಎಂದು ಅವರು ಶಾಂತವಾಗಿಯೇ ಹೇಳಿದರು. ಪರಮೇಶಪ್ಪನವರು ಕೆಟ್ಟ ಮನುಷ್ಯರಲ್ಲ; ಹೆದರಿದ್ದರು, ಹೆದರಿದವರಿಗೆ ಒಂದು ಹೆಸರು ಬೇಕಾಗುತ್ತದೆ.

ದುರಗವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಹದಿನೆಂಟ ವರ್ಷ ಆತ್ರಿ ಸಾವ್ಕಾರ್ರ, ಎದ್ದೇವಿ, ಕುಂತೇವಿ. ಒಂದ ದಿನಾರ ನಿಮ್ಮ ಎಂಜಿನ್ನು ನಮ್ಮನ್ನ ಯಾಕ ಎದ್ರಿ ಅಂತ ಕೇಳೇತೇನ್ರಿ? ಇವತ್ತ ಅದಕ್ಕ ಸಿಟ್ಟ ಬಂದ್ರ ನಾನೇನ ಮಾಡ್ಲಿ?"

ಯಾರೋ ನಕ್ಕರು. ಸಾಹುಕಾರರು ನಗಲಿಲ್ಲ. ಅವಳು ಹೆಚ್ಚು ವಾದಿಸಲೂ ಇಲ್ಲ. ರೊಟ್ಟಿಯ ಗಂಟು ತೆಗೆದುಕೊಂಡು ಹೊರಟಳು. ಗಂಡ ಹಾಸಿಗೆ ಹಿಡಿದ ಮೇಲೆ ಆ ಒಂದನೆಯ ಜಿನ್ನಿನ ಮುಂದಿನ ಮಣೆಯೇ ಅವಳ ಮನೆಗೆ ಆಧಾರ. ಮನೆಯಲ್ಲಿ ಮಗಳು ಬಾಣಂತಿ, ತೊಟ್ಟಿಲಲ್ಲಿ ಎರಡು ತಿಂಗಳ ಕೂಸು.

ಅವಳು ಗೇಟು ದಾಟುವ ಮೊದಲೇ ನಾನು ಬಾಯಿ ಬಿಟ್ಟೆ. ತಪ್ಪು ಅವಳದಲ್ಲ, ಎಂಜಿನ್ನಿನ ಕಣ್ಣು ಹೋಗಿದೆಯೆಂದು ಅವಳಿಗೆ ಹೇಳದೆ ಇದ್ದ ನಮ್ಮದು ಎಂದೆ. ಮುಂಬಯಿಯ ದಾರಿ ನೋಡದೆ ನಾನೇ ಗವರ್ನರ್ ಮಾಡುತ್ತೇನೆ, ಎಂಟು ದಿನ ಕೊಡಿ, ಅಲ್ಲಿಯವರೆಗೆ ಎಂಜಿನ್ನು ನಿಂತಿರಲಿ. ಹನ್ನೆರಡು ಮಂದಿ ಒಮ್ಮೆಲೆ ಎದ್ದರೂ ಎಂಜಿನ್ನು ಹದ ತಪ್ಪದಿದ್ದರೆ ದುರಗವ್ವ ತನ್ನ ಜಾಗಕ್ಕೆ ಬರಬೇಕು ಎಂದೆ. ಆಗದಿದ್ದರೆ ಎಂದು ಸಾಹುಕಾರರು ಕೇಳಿದರು. ಆಗದಿದ್ದರೆ ಗಂಟೆಯೇ ಇರಲಿ, ಪಟ್ಟಿಯೇ ಇರಲಿ, ಅವಳ ಜಾಗಕ್ಕೆ ಬೇರೆಯವರನ್ನು ಕೂರಿಸಿರಿ ಎಂದು ಒಪ್ಪಿದೆ. ಅವಳನ್ನು ಕೇಳದೆ ಅವಳ ಜಾಗವನ್ನು ಒತ್ತೆಯಿಟ್ಟೆ. ಆ ಭಾರ ಎಂಟು ದಿನವೂ ನನ್ನ ಎದೆಯ ಮೇಲಿತ್ತು.

ಮರುದಿನ ಮೊದಲ ಬಸ್ಸಿಗೆ ಹಾವೇರಿಗೆ ಹೋಗಿ ಅಲ್ಲಿಂದ ಸವಣೂರಿಗೆ ಹೋದೆ. ಅಲ್ಲಿ ಶಹಾಬುದ್ದೀನನೆಂಬವನ ಬಳಿ ಕಾಲಿನಿಂದ ತುಳಿದು ಕಬ್ಬಿಣ ಕಡೆಯುವ ಒಂದು ಲೇಥು ಇತ್ತು. ಟಾಂಗಾದ ಅಚ್ಚಿನಿಂದ ಹಿಡಿದು ಹೊಲಿಗೆ ಯಂತ್ರದ ತಿರುಪಿನವರೆಗೆ ಕಡೆಯುತ್ತಿದ್ದ ಆತ ಮುರಿದ ತೋಳನ್ನು ಕೈಯಲ್ಲಿ ತಿರುಗಿಸಿ ನೋಡಿ, ಮೊದಲು ಎಲೆ ಹಾಕಿಕೊಳ್ಳಿ, ಕಬ್ಬಿಣ ಓಡಿಹೋಗುವುದಿಲ್ಲ ಎಂದ. ತೋಳಿಗೆ ಮೋಟಾರು ಲಾರಿಯ ಹಳೆಯ ಉಕ್ಕಿನ ಪಟ್ಟಿ ಸಿಕ್ಕಿತು. ಗುಂಡುಗಳೇ ಕಷ್ಟ. ಎರಡರ ತೂಕ ಕೂದಲಷ್ಟೂ ಹೆಚ್ಚುಕಡಿಮೆಯಾಗಬಾರದು. ಉಳಿದ ಒಂದು ಹಳೆಯ ಗುಂಡಿಗೆ ಹೊಸ ಜೋಡಿ ಎರಕ ಹೊಯ್ಯಲು ಅಲ್ಲಿ ಅನುಕೂಲವಿರಲಿಲ್ಲ. ಕೊನೆಗೆ ನಾನೇ ಸಂತೆಪೇಟೆಗೆ ಹೋಗಿ ತಕ್ಕಡಿಯ ಎರಡು ದೊಡ್ಡ ಕಬ್ಬಿಣದ ತೂಕದ ಕಲ್ಲು ಕೊಂಡುತಂದೆ. ಸರಕಾರಿ ಮುದ್ರೆ ಬಿದ್ದ ಕಲ್ಲುಗಳು, ತೂಕದಲ್ಲಿ ಅವಳಿಜವಳಿ. ಶಹಾಬುದ್ದೀನ ಮೂರು ದಿನ ತುಳಿದು ಅವನ್ನು ದುಂಡಗೆ ಮಾಡಿದ. ಒಂದನ್ನು ಕಡೆದಾಗ ಉದುರಿದ ಚೂರನ್ನೂ ಇನ್ನೊಂದರ ಚೂರನ್ನೂ ಬೇರೆ ಬೇರೆ ಕೂಡಿಟ್ಟು ತಕ್ಕಡಿಗೆ ಹಾಕಿ ನೋಡಿದ. ಅಂಥ ಕಸುಬುದಾರನನ್ನು ನಾನು ಮತ್ತೆ ನೋಡಲಿಲ್ಲ.

ಐದನೆಯ ದಿನ ಹಿರೇಕೆರೂರಿಗೆ ಬಂದು ಗವರ್ನರನ್ನು ಕೂರಿಸಿದೆ. ಉಳಿವೆಪ್ಪ ತಾನೇ ತಿರುಪು ಬಿಗಿಯುವ ಪಾನಾ ಹಿಡಿದು ನೆರವಾದ. ಎಂಜಿನ್ನು ಚಾಲೂ ಆಯಿತು. ಗುಂಡುಗಳು ಎದ್ದವು. ನನ್ನ ಎದೆಯೂ ಎದ್ದಿತು. ಒಂದು ನಿಮಿಷ ಕಳೆಯಲಿಲ್ಲ, ಎಂಜಿನ್ನು ಉಯ್ಯಾಲೆಯಾಡತೊಡಗಿತು. ಓಟ ಏರಿತು, ಗುಂಡುಗಳು ಚಾಚಿ ಎಣ್ಣೆಯನ್ನು ಪೂರಾ ಕಡಿದವು. ಓಟ ಬಿದ್ದಿತು; ಗುಂಡುಗಳು ಒಳಗೆ ಬಿದ್ದು ಎಣ್ಣೆಯನ್ನು ಪೂರಾ ತೆರೆದವು. ಮತ್ತೆ ಏರಿತು, ಮತ್ತೆ ಬಿದ್ದಿತು. ಹದವನ್ನು ದಾಟಿ ಆಚೆಗೆ, ಹದವನ್ನು ದಾಟಿ ಈಚೆಗೆ. ಹದದಲ್ಲಿ ಮಾತ್ರ ನಿಲ್ಲದು.

ಫಕ್ಕೀರಪ್ಪ ಬಾಗಿಲಿಗೆ ಒರಗಿ ನಿಂತು ಅಂದ.

"ಗೋಣೆಪ್ಪಣ್ಣಾರ, ಎಂಜಿನ್ನಿಗೆ ಬಿಕ್ಕಳಿಕಿ ಹತ್ತೇತಲ್ರಿ. ಮುಂಬೈದಾಗ ಯಾರೋ ಬಾಳ ನೆನಸಾಕತ್ತಾರ ನೋಡ್ರಿ."

ಸ್ಪ್ರಿಂಗು ಬಿಗಿ ಮಾಡಿದೆ, ಸಡಿಲ ಮಾಡಿದೆ. ಬಿಕ್ಕಳಿಕೆಯ ವೇಗ ಬದಲಾಯಿತೇ ಹೊರತು ಬಿಕ್ಕಳಿಕೆ ಹೋಗಲಿಲ್ಲ. ಹಳೆಯ ಗವರ್ನರಿನ ಕೀಲುಗಳು ಜಿಡ್ಡುಗಟ್ಟಿ ಬಿಗಿಯಾಗಿದ್ದವು; ನನ್ನದು ಬೆಣ್ಣೆಯಂತೆ ಜಾರುತ್ತಿತ್ತು, ಕಂಡದ್ದಕ್ಕೆಲ್ಲ ಕೂಡಲೇ ಹಾರುತ್ತಿತ್ತು. ಉಳಿವೆಪ್ಪ ಹೇಳಿದ ಮಾತಿನಲ್ಲಿ ನ್ಯಾಯವಿತ್ತು. ಪಟ್ಟಿಗೆ ಕಣ್ಣಿಲ್ಲ, ನಿಜ. ಆದರೆ ಪಟ್ಟಿ ತಾನಾಗಿ ಎಂಜಿನ್ನನ್ನು ಕುಣಿಸುವುದಿಲ್ಲ. ನೋಡಿ ತಿದ್ದುವ ಯಂತ್ರ ತಪ್ಪಾಗಿ ತಿದ್ದಿದರೆ ಇದ್ದ ಹದವನ್ನೂ ಕೆಡಿಸುತ್ತದೆ. ಗಂಟೆ ಕಟ್ಟಿ ಮತ್ತೆ ಪಟ್ಟಿಗೇ ಮರಳೋಣ ಎಂದ. ಇನ್ನು ಮೂರು ದಿನ ಉಳಿದಿದ್ದವು.

ಮರುದಿನ ಬೆಳಿಗ್ಗೆ ದುರಗವ್ವನ ಮನೆಯ ಕಡೆ ಹೊರಟೆ. ನಾನು ಒಡ್ಡಿದ ಮಾತು ಅವಳಿಗೆ ಈಗಾಗಲೇ ಮುಟ್ಟಿರುತ್ತದೆ. ಅದು ನಡೆಯದಿರಬಹುದೆಂದೂ ನಾನೇ ಹೇಳಬೇಕಾಗಿತ್ತು. ಅವಳು ಕೆರೆಯ ಕಡೆಯಿಂದ ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಹೊತ್ತು ಬರುತ್ತಿದ್ದಳು. ನನ್ನನ್ನು ನೋಡಿ ನಿಲ್ಲಲಿಲ್ಲ, ಏನಾಯಿತೆಂದು ನಡೆಯುತ್ತಲೇ ಕೇಳಿದಳು. ಎಂಜಿನ್ನು ಮೇಲೆ ಕೆಳಗೆ ಆಡುತ್ತಿರುವುದನ್ನು ವಿವರಿಸಿದೆ. ಗುಂಡುಗಳು ಮೈಗಳ್ಳತನ ಮಾಡುತ್ತಿಲ್ಲ, ಅತಿಯಾಗಿ ದುಡಿಯುತ್ತಿವೆ ಎಂದೆ. ಅವಳ ತಲೆಯ ಮೇಲಿನ ಕೊಡ ಕಂಠದವರೆಗೆ ತುಂಬಿತ್ತು. ಹಾದಿ ಏರುತಗ್ಗಿನದು. ಒಂದು ಹನಿ ತುಳುಕಿರಲಿಲ್ಲ. ಕೊಡದ ಬಾಯಲ್ಲಿ ಒಂದು ಹಿಡಿ ಬೇವಿನ ಎಸಳು ತೇಲುತ್ತಿತ್ತು.

ಅದು ಯಾಕೆ ಎಂದು ಕೇಳಿದೆ. ನಮ್ಮ ತಾಯಿಯೂ ಹಾಗೆ ಹಾಕುತ್ತಿದ್ದಳು. ಅಂದಿನವರೆಗೆ ನಾನು ಕೇಳಿರಲಿಲ್ಲ.

"ನೀರು ತುಳುಕಬಾರದು ಅಂತ ಹಾಕ್ತೇವಿ, ತಮ್ಮಾ. ನೀರು ಆಕಡೆ ಹೋದ್ರ ನಾವು ಈಕಡೆ ವಾಲಬಾರದು. ಹಂಗ ವಾಲಿಕೋತ ಹೋದ್ರ ಮನೀಗಿ ಬರೂದು ಬರೇ ಕೊಡ. ಈ ಬೇವಿನ ತಪ್ಪಲಾ ಹಾಕಿದ್ರ ನೀರಿಗಿ ಅವಸರ ಆಗೂದಿಲ್ಲ. ಅಷ್ಟ."

"ತಡೀತೇತೇನ ಅದು ನೀರನ್ನ?"

"ತಡಿಯೂದಿಲ್ಲ. ತಡ ಮಾಡ್ತೇತಿ."

ಅವಳು ಮನೆಯೊಳಗೆ ಹೋದಳು. ನಾನು ಅಲ್ಲೇ ನಿಂತೆ. ಗುಂಡುಗಳನ್ನು ಹಿಡಿದು ನಿಲ್ಲಿಸಬೇಕಾಗಿರಲಿಲ್ಲ, ಕಟ್ಟಿಹಾಕಬೇಕಾಗಿರಲಿಲ್ಲ; ಅವು ನೋಡಲಿ, ತಿದ್ದಲಿ, ಆದರೆ ಸಾವಕಾಶ ತಿದ್ದಲಿ. ಬೇವಿನ ಎಸಳಿನ ಕೆಲಸವನ್ನು ಕಬ್ಬಿಣದಲ್ಲಿ ಮಾಡುವ ವಸ್ತು ಯಾವುದು? ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ಬಾಯಿಗೆ ಬೆರಳು ಒತ್ತಿದರೆ ಹಿಡಿ ಹೇಗೆ ನಿಧಾನವಾಗಿ ಇಳಿಯುತ್ತದೆಂಬುದು ನೆನಪಾಯಿತು. ಗಾಳಿಯ ಬದಲು ದಪ್ಪ ಎಣ್ಣೆಯಿದ್ದರೆ?

ನನ್ನ ಸೈಕಲ್ಲಿನ ಪಂಪನ್ನೇ ಗೇಣುದ್ದ ಕತ್ತರಿಸಿದೆ. ತಳಕ್ಕೆ ಬೆಸುಗೆ ಹಾಕಿ ಮುಚ್ಚಿದೆ. ಕೊಳವೆಯ ತುಂಬ ಹರಳೆಣ್ಣೆ ತುಂಬಿದೆ. ಒಳಗಿನ ಚರ್ಮದ ಬಿಲ್ಲೆಗೆ ಒಂದು ಸಣ್ಣ ತೂತು ಕೊರೆದು ಅದರ ಕಂಬಿಯನ್ನು ಗವರ್ನರಿನ ಹಿಡಿಕೆಗೆ ಜೋಡಿಸಿದೆ. ಗುಂಡುಗಳು ಹಿಡಿಕೆಯನ್ನು ಎಳೆಯಬೇಕಾದರೆ ಎಣ್ಣೆ ಆ ತೂತಿನಿಂದ ಹಾದುಹೋಗಬೇಕು. ಮೊದಲ ಬಿಲ್ಲೆಯ ತೂತು ದೊಡ್ಡದಾಯಿತು; ಬಿಕ್ಕಳಿಕೆ ತಗ್ಗಿತು, ನಿಲ್ಲಲಿಲ್ಲ. ಎರಡನೆಯದು ತೀರ ಸಣ್ಣದು. ಹೊರೆ ಬದಲಿಸಿದರೆ ಎಂಜಿನ್ನು ನಿದ್ದೆಯಿಂದ ಎದ್ದವರಂತೆ ತಡಮಾಡಿ ಕಣ್ಣು ಬಿಡುತ್ತಿತ್ತು. ನಡುವಿನ ತೂತನ್ನು ಕಂಡುಹಿಡಿಯಲು ಒಂದೂವರೆ ದಿನವೂ ಐದು ಬಿಲ್ಲೆಗಳೂ ಹಿಡಿದವು. ಫಕ್ಕೀರಪ್ಪನ ಹಳೆಯ ಚಪ್ಪಲಿಯ ಅಟ್ಟೆಯಿಂದ ಕತ್ತರಿಸಿದ ಬಿಲ್ಲೆಯೇ ಕೊನೆಗೆ ಉಳಿಯಿತು. ಎಂಜಿನ್ನು ಏರಿತು, ಒಮ್ಮೆ ತಲೆದೂಗಿತು, ಇನ್ನೂರ ಐವತ್ತರಲ್ಲಿ ನಿಂತಿತು. ಉಳಿವೆಪ್ಪ ಗಡಿಯಾರ ಹಿಡಿದು ಮೂರು ಸಲ ಎಣಿಸಿ ಗಡಿಯಾರವನ್ನು ಕಿಸೆಗೆ ಹಾಕಿದ.

ಎಂಟನೆಯ ದಿನ ಪರೀಕ್ಷೆ.

ಹನ್ನೆರಡು ಜಿನ್ನುಗಳಿಗೂ ಜನ ಬೇಕು. ಪಟ್ಟಾ ಹಾರಿದ್ದನ್ನು ಕಂಡವರು ಕೂರಲು ಹಿಂದೆಗೆದರು, ಅದು ಸಹಜ. ಸಾಹುಕಾರರೂ ಜಿನ್ನುಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿದರೆ ಸಾಕೆಂದರು. ದುರಗವ್ವನನ್ನು ಕರೆಸಿದ್ದರು. ಅವಳು ಎಲ್ಲವನ್ನೂ ಕೇಳಿ, ಯಾರ ಅಪ್ಪಣೆಗೂ ಕಾಯದೆ ಹೋಗಿ ಒಂದನೆಯ ಜಿನ್ನಿನ ಮುಂದೆ ಕುಳಿತಳು. ಹರಿದ ತಗಡು ಇನ್ನೂ ಅವಳ ಬೆನ್ನ ಹಿಂದೆಯೇ ಇತ್ತು. ಉಳಿದವರು ಒಬ್ಬೊಬ್ಬರಾಗಿ ಬಂದು ಕುಳಿತರು. ನಾನು ಅವಳ ಬಳಿ ಹೋಗಿ, ಏಳುವ ಮೊದಲು ಕೈ ಎತ್ತಿ ಸನ್ನೆ ಮಾಡಬೇಕೆಂದು ಬೇಡಿಕೊಂಡೆ. ನನ್ನ ಧೈರ್ಯವೂ ಅಷ್ಟಕ್ಕಷ್ಟೇ ಆಗಿತ್ತು.

ಅವಳು ಮುಂದಿನ ಹತ್ತಿಯಿಂದ ಕೈ ತೆಗೆಯಲಿಲ್ಲ.

"ಹೇಳಿ ಏಳೂದಾದ್ರ ಆ ಹಲಗಿ ಮ್ಯಾಲಿನ ಲೆಕ್ಕಾನೂ ಸಾಕಾಗಿತ್ತಲ್ಲೋ ಗೋಣೆಪ್ಪ. ನಾ ಹೇಳೂದಿಲ್ಲ. ಏಳ್ಬೇಕು ಅನಿಸಿದಾಗ ಏಳ್ತೇನಿ. ನಿನ್ನ ಎಂಜಿನ್ನಿಗೆ ತಿಳಿತೇತೋ ಇಲ್ಲೋ ನೋಡೂಣು."

ಅದಕ್ಕಿಂತ ಸರಿಯಾದ ಮಾತನ್ನು ಪುಣೆಯ ಗುರುಗಳೂ ಹೇಳಿರಲಾರರು ಎಂದು ಉಳಿವೆಪ್ಪ ಆಮೇಲೆ ನನ್ನೊಡನೆ ಅಂದ.

ಎಂಜಿನ್ ಕೋಣೆಗೆ ಬಂದೆ. ಹಿಡಿಕೆಯನ್ನು ಮುಟ್ಟಬಾರದೆಂದು ಎರಡೂ ಕೈಗಳನ್ನು ಬೆನ್ನಿನ ಹಿಂದೆ ಕಟ್ಟಿಕೊಂಡು ಗುಂಡುಗಳ ಮುಂದೆ ನಿಂತೆ. ಸಾಹುಕಾರರು ಬಾಗಿಲಲ್ಲಿ ನಿಂತರು. ಕಾಲು ಗಂಟೆ ಕಳೆಯಿತು. ಅರ್ಧ ಗಂಟೆ ಕಳೆಯಿತು. ಹನ್ನೆರಡು ಜಿನ್ನುಗಳ ಸದ್ದು ಒಂದೇ ಸಮನೆ ಬರುತ್ತಿತ್ತು. ಅವಳು ಇನ್ನು ಏಳುವುದಿಲ್ಲವೇನೋ ಎಂದು ನಾನು ಕಿಟಕಿಯ ಕಡೆ ತಿರುಗಬೇಕೆನ್ನುವಷ್ಟರಲ್ಲಿ ಗುಂಡುಗಳು ಹೊರಗೆ ಚಾಚಿದವು.

ನನ್ನ ಕಿವಿಗಿಂತ ಮೊದಲು ಅವಕ್ಕೆ ತಿಳಿದಿತ್ತು. ಎಂಜಿನ್ನು ಒಂದು ಉಸಿರಿನಷ್ಟು ಮುಂದೆ ನುಗ್ಗಿತು, ಪಂಪಿನ ಕಂಬಿ ಹರಳೆಣ್ಣೆಯಲ್ಲಿ ಸಾವಕಾಶ ಇಳಿಯಿತು, ಹಿಡಿಕೆ ತಗ್ಗಿತು, ಸದ್ದು ಮತ್ತೆ ಮೊದಲಿನ ದಾರಿಗೆ ಬಂದಿತು. ಕಿಟಕಿಯಿಂದ ನೋಡಿದರೆ ಹನ್ನೆರಡು ಮಂದಿಯೂ ಗೇಟಿನ ಬಳಿ ನಿಂತಿದ್ದರು. ದುರಗವ್ವ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವರು ಮರಳಿ ಕುಳಿತರು. ಓಟ ತುಸು ಕುಗ್ಗಿತು, ಗುಂಡುಗಳು ಒಳಗೆ ಬಾಗಿದವು, ಹದ ಬಂದಿತು. ಮತ್ತೆ ಎದ್ದರು. ಮತ್ತೆ ಕುಳಿತರು. ಐದು ಸಲ ಹಾಗೆ ಮಾಡಿದರು. ಕೊನೆಯ ಎರಡು ಸಲವನ್ನು ಅವರು ಪರೀಕ್ಷೆಗಾಗಿ ಮಾಡಲಿಲ್ಲ, ಖುಷಿಗಾಗಿ ಮಾಡಿದರೆಂದೇ ನನ್ನ ಅನಿಸಿಕೆ.

ಪರಮೇಶಪ್ಪನವರು ಜಿನ್ನಿನ ಅಂಗಣಕ್ಕೆ ಹೋದರು. ನಾನೂ ಹಿಂದೆ ಹೋದೆ. ದುರಗವ್ವ ತನ್ನ ಮಣೆಯ ಮೇಲೆ ಕುಳಿತು ಹತ್ತಿ ಉಣಿಸುತ್ತಿದ್ದಳು, ತಲೆ ಎತ್ತಲಿಲ್ಲ. ಅವರು ಅವಳ ಹಿಂದಿನ ಹರಿದ ತಗಡನ್ನು ಸಂಜೆಯೊಳಗೆ ಸರಿಮಾಡಿಸು ಎಂದು ಫಕ್ಕೀರಪ್ಪನಿಗೆ ಹೇಳಿ, ಹೊರಗೆ ನಡೆದರು. ನಾಳೆ ಬಾ ಎಂದೂ ಹೇಳಲಿಲ್ಲ, ಬರಬೇಡ ಎಂದೂ ಹೇಳಲಿಲ್ಲ. ಅವಳು ಮರುದಿನ ಬಂದಳು. ಆಮೇಲೆ ಹನ್ನೊಂದು ಹಂಗಾಮು ಅದೇ ಮಣೆಯ ಮೇಲೆ ಕುಳಿತಳು.

ಮುಂಬಯಿಯ ಪೆಟ್ಟಿಗೆ ಆರನೆಯ ವಾರಕ್ಕೆ ಬಂದಿತು. ಅದನ್ನು ಅಟ್ಟದ ಮೇಲಿಟ್ಟೆವು. ಉಳಿವೆಪ್ಪನ ಹಲಗೆಯನ್ನು ಮಾತ್ರ ನಾನು ಗೋಡೆಯಿಂದ ಇಳಿಸಲಿಲ್ಲ. ಬೆಳಿಗ್ಗೆ ಎಂಜಿನ್ನು ಶುರುಮಾಡುವಾಗ ಎಷ್ಟು ಜಿನ್ನು ನಡೆಯುವುವೆಂದು ಕೇಳಿ ಹಿಡಿಕೆಯನ್ನು ಆ ಗೆರೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದೆ. ಆಗ ಗುಂಡುಗಳಿಗೆ ತಿದ್ದುವ ಕೆಲಸ ಕಡಿಮೆಯಾಗುತ್ತಿತ್ತು. ಗೊತ್ತಿರುವುದನ್ನು ಪಟ್ಟಿ ಹೇಳಲಿ, ಗೊತ್ತಿಲ್ಲದ್ದನ್ನು ಗುಂಡುಗಳು ನೋಡಿಕೊಳ್ಳಲಿ ಎಂದು ನಾವಿಬ್ಬರೂ ಒಪ್ಪಿಕೊಂಡೆವು. ಅವನು ಮುಂದೆ ಶಿಗ್ಗಾವಿಯಲ್ಲಿ ಎಣ್ಣೆಯ ಗಿರಣಿ ಹಾಕಿದಾಗ ಮೊದಲು ಕೂರಿಸಿದ್ದು ಗವರ್ನರನ್ನು. ಕೂರಿಸಲು ಕರೆದದ್ದು ನನ್ನನ್ನು.

ಇಷ್ಟು ಹೇಳಿ ಮುಗಿಸುವ ಹೊತ್ತಿಗೂ ಮೊನ್ನೆ ಕರೆಂಟು ಬಂದಿರಲಿಲ್ಲ. ಹೆಣ್ಣುಮಕ್ಕಳು ಕಾಲು ನೀಡಿ ಕುಳಿತಿದ್ದರು. ಕೆಲವರು ಈ ಕತೆಯನ್ನು ಹಿಂದೆಯೇ ಕೇಳಿದವರು. ಒಬ್ಬಳು ತೂಕಡಿಸುತ್ತಲೂ ಇದ್ದಳು. ಶಂಕ್ರವ್ವ ಮಾತ್ರ ಮೊಣಕಾಲಿಗೆ ಗದ್ದ ಊರಿ ನನ್ನನ್ನೇ ನೋಡುತ್ತಿದ್ದಳು. ಆಗ ತೊಟ್ಟಿಲಲ್ಲಿದ್ದ ಎರಡು ತಿಂಗಳ ಕೂಸು ಅವಳೇ.

"ಅಜ್ಜಾರ, ನಮ್ಮ ಅಜ್ಜಿ ಅರ್ಧಾ ತಾಸು ಏಳಲಾರದ ಕುಂತಿದ್ಲಲ್ರಿ," ಎಂದಳು. "ಆಗ ನಿಮಗ ಹೆದರಿಕಿ ಬಂದಿತ್ತೇನ್ರಿ?"

ಬಂದಿತ್ತು ಎಂದು ಒಪ್ಪಿಕೊಂಡೆ. ಎಂಜಿನ್ನಿನ ಹೆದರಿಕೆಗಿಂತ ಅವಳ ಅಜ್ಜಿಯ ಹೆದರಿಕೆಯೇ ಹೆಚ್ಚಾಗಿತ್ತು ಎಂದೂ ಹೇಳಿದೆ. ತೂಕಡಿಸುತ್ತಿದ್ದವಳೂ ನಕ್ಕಳು.

ಶಂಕ್ರವ್ವ ನಗಲಿಲ್ಲ. ಇನ್ನಷ್ಟು ಹತ್ತಿರ ಸರಿದು ಕುಳಿತಳು.

"ಹಂಗಾರ ಅಲ್ಲಿಂದ ಇನ್ನೊಮ್ಮೆ ಹೇಳ್ರಿ. ಆಕಿ ಹೋಗಿ ಒಂದನೇ ಜಿನ್ನಿನ ಮುಂದ ಕುಂತದ್ದರಿಂದ."